ಬಸಿದ ಕಟ್ಟು

ಇಲ್ಲಿ ಬರೆಯುವ ಕೆಲವು ವಿವರಗಳು ತಪ್ಪಿರಬಹುದು. ಅಂಜನಾಪುರದಲ್ಲಿ ನಾವಿದ್ದ ಕ್ವಾರ್ಟರ್ಸಿನ ಬಾಗಿಲು ಹಸಿರು ಬಣ್ಣದ್ದು ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಒಮ್ಮೆ ಅವ್ವ ಏನೋ ಮಾತಿನ ನಡುವೆ "ಆ ನೀಲಿ ಬಾಗ್ಲು ಮಳೆಗಾಲದಾಗೆ ಹಾಕಕೇ ಬರ್ತಿರ್ಲಿಲ್ಲ" ಎಂದಳು. ಅಂದಿನಿಂದ ನನ್ನ ನೆನಪಿನಲ್ಲೂ ಅದು ನೀಲಿಯೇ. ಹಸಿರು ಬಾಗಿಲನ್ನು ಈಗ ಬೇಕೆಂದರೂ ಕಾಣಲಾರೆ. ನನ್ನದೆಂದುಕೊಂಡಿದ್ದ ನೆನಪು ಒಂದೇ ಮಾತಿಗೆ ಬಣ್ಣ ಬದಲಿಸಿತೆಂದರೆ, ಮೊದಲಾದರೂ ಅದು ಎಷ್ಟು ನನ್ನದಾಗಿತ್ತು?

ಬಾಗಿಲಿನ ವಿಷಯವಾದರೆ ನಕ್ಕು ಬಿಡಬಹುದು. ಆದರೆ ಆ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂರುತ್ತಿದ್ದ ನನ್ನ ಅಣ್ಣನ ಮುಖ ಊದಿತ್ತೋ ಇಲ್ಲವೋ ಎನ್ನುವುದರ ಮೇಲೆ, ನನ್ನ ತಂಗಿ ತನ್ನ ಮಗಳಿಗೆ ಕಿಡ್ನಿ ಕೊಡಬಹುದೋ ಕೊಡಬಾರದೋ ಎನ್ನುವುದು ಈಗ ನಿಂತಿದೆ. ಆಗ ಮನೆಯಲ್ಲಿ ಅವನನ್ನು ಕಂಡವರಲ್ಲಿ, ಅಪ್ಪ ತೀರಿಕೊಂಡ ಮೇಲೆ, ಉಳಿದಿರುವವರು ಅವ್ವ ಮತ್ತು ನಾನು. ಅವ್ವ ಆ ಮಾತು ಎತ್ತುವುದಿಲ್ಲ. ನನ್ನನ್ನು ನಾನು ನಂಬುವುದಿಲ್ಲ.

ಅಪ್ಪನಿಗೆ ಅಲ್ಲಿನ ಜಲಾಶಯದಲ್ಲಿ, ನೀರಾವರಿ ಇಲಾಖೆಯ ಕೆಲಸ. ಕಾಲುವೆಗೆ ನೀರು ಬಿಡುವ, ನಿಲ್ಲಿಸುವ ಉಸ್ತುವಾರಿ. ನೀರು ಬಿಟ್ಟ ದಿನಗಳಲ್ಲಿ ರೈತರು ಬೆಳಗಾಗುತ್ತಲೇ ಬಂದು ಕಟ್ಟೆಯ ಮೇಲೆ ಕೂತು ಅಪ್ಪನ ಜೊತೆ ಜಗಳವಾಡುತ್ತಿದ್ದರು ಎಂದು ನೆನಪು. ನನ್ನನ್ನು ಇನ್ನೂ ಶಾಲೆಗೆ ಸೇರಿಸಿರಲಿಲ್ಲ. ಅಣ್ಣ ನಾಲ್ಕನೆಯ ತರಗತಿಯೋ ಐದನೆಯದೋ. ತಂಗಿ ತೊಟ್ಟಿಲಲ್ಲಿದ್ದಳು.

ನನ್ನಲ್ಲಿರುವುದು ಇಷ್ಟು. ಬೆಳಗಿನ ಹೊತ್ತು. ಅಣ್ಣ ಮೆಟ್ಟಿಲ ಮೇಲೆ ಕಾಲು ಚಾಚಿ ಬಿಸಿಲಿಗೆ ಕೂತಿದ್ದಾನೆ. ಕಣ್ಣು ಪೂರ್ತಿ ತೆರೆಯುತ್ತಿಲ್ಲ, ರೆಪ್ಪೆಗಳು ದಪ್ಪವಾಗಿವೆ. ನಾನು ಅವನ ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳಿನಿಂದ ಒತ್ತುತ್ತೇನೆ. ಬೆರಳು ತೆಗೆದ ಮೇಲೂ ಗುಳಿ ಹಾಗೆಯೇ ಉಳಿಯುತ್ತದೆ. ಅದು ಮೆಲ್ಲಗೆ ಮೇಲೇಳುವುದನ್ನು ನೋಡುವುದೇ ಒಂದು ಆಟ. "ಇನ್ನೊಂದ್ ಮಾಡು" ಎನ್ನುತ್ತಾನೆ ಅವನು. ನಾನು ಸಾಲಾಗಿ ಗುಳಿ ಮಾಡುತ್ತೇನೆ, ಅಳಗುಳಿಮಣೆಯ ಹಾಗೆ. ಒಳಗಿನಿಂದ ಅವ್ವ ಬಂದು ನನ್ನ ಕೈಗೆ ಹೊಡೆಯುತ್ತಾಳೆ.

ಇದು ನಿಜವಾಗಿ ನಡೆದಿದ್ದರೆ ಅಣ್ಣನ ಮೈಯಲ್ಲಿ ನೀರು ನಿಂತಿತ್ತು ಎಂದು ಅರ್ಥ. ಅಂದರೆ ಅವನನ್ನು ಕೊಂದದ್ದು ಬರೀ ಜ್ವರವಲ್ಲ. ಆದರೆ ಮನೆಯಲ್ಲಿ ಅಣ್ಣನ ಬಗ್ಗೆ ಇದ್ದ ಮಾತು ಒಂದೇ: ಜ್ವರ ಬಂದು ಹೋದ. ಅವನ ಒಂದೇ ಒಂದು ಫೋಟೊ ಇದೆ. ಅದು ಕಾಯಿಲೆಗೆ ಎಷ್ಟೋ ಮುಂಚಿನದು; ಅದರಲ್ಲಿ ತೆಳ್ಳಗೆ, ಕೆನ್ನೆಯ ಮೂಳೆ ಕಾಣುವಂತೆ ಇದ್ದಾನೆ. ನಾನು ದಿನಚರಿ ಬರೆಯತೊಡಗಿದ್ದು ಹೈಸ್ಕೂಲಿಗೆ ಹೋದ ಮೇಲೆ. ಆ ಹಳೆಯ ದಿನಚರಿಗಳಲ್ಲಿ ಅಣ್ಣ ಅಲ್ಲಲ್ಲಿ ಬರುತ್ತಾನೆ, ಗುಳಿ ಬರುವುದಿಲ್ಲ.

ಹೋದ ವರ್ಷ ನಾನು ತಂಗಿಯ ಮಗಳ ಕಾಲನ್ನೂ ಹೀಗೆಯೇ ಒತ್ತಿ ನೋಡಿದೆ. ಅವಳ ಕಾಲಲ್ಲೂ ಗುಳಿ ಉಳಿಯಿತು. "ದೊಡ್ಡಮ್ಮ, ಕಚಗುಳಿ ಆಗ್ತತೆ, ಇನ್ನೊಂದ್ಸಲ" ಎಂದು ನಕ್ಕಳು. ಮೆಟ್ಟಿಲ ಮೇಲಿನ ಅಣ್ಣ ಇದಕ್ಕೆ ಮುಂಚೆ ನನ್ನಲ್ಲಿದ್ದನೋ, ಇದಾದ ಮೇಲೆ ಬಂದು ಕೂತನೋ? ಅವನನ್ನು ನೆನೆಸಿಕೊಂಡಾಗಲೆಲ್ಲ ಈಗ ಬರುವುದು ಇವಳ ಊದಿದ ಕಣ್ಣು, ಇವಳ ಮಾತು. "ಇನ್ನೊಂದ್ ಮಾಡು" ಎಂದದ್ದು ಅವನೋ, ಇವಳ ಬಾಯಿಂದ ಕೇಳಿ ನಾನೇ ಅವನ ಬಾಯಿಗೆ ಹಾಕಿದೆನೋ?

ನಾನು ಓದಿದ್ದು ಜೀವರಸಾಯನಶಾಸ್ತ್ರ. ಎಂ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಸಿಕ್ಕ ವಿಷಯ, ದೀರ್ಘಕಾಲದ ಕಿಡ್ನಿ ಕಾಯಿಲೆ ಇರುವ ಮಕ್ಕಳ ರಕ್ತದಲ್ಲಿ ಸಿಗುವ ಸ್ಟ್ರೆಸ್ ಪ್ರೋಟೀನುಗಳು. ಈಗ ಹೇಳಿದರೆ ಬೇಕೆಂದೇ ಜೋಡಿಸಿದ ಹಾಗೆ ಕೇಳುತ್ತದೆ. ಆಗ ಅದು ಮೇಷ್ಟ್ರು ನಮಗೆಲ್ಲ ಹಂಚಿದ ವಿಷಯಗಳಲ್ಲಿ ಒಂದು, ಅಷ್ಟೆ. ನನ್ನ ಗೆಳತಿಗೆ ರಾಗಿ ಸಿಕ್ಕಿತ್ತು. ನಾನು ಹೊಟ್ಟೆಕಿಚ್ಚು ಪಟ್ಟಿದ್ದೆ.

ಜೀವಕೋಶಕ್ಕೆ ಬಿಸಿ ತಾಗಿದಾಗ, ಆಮ್ಲಜನಕ ಸಾಲದೆ ಹೋದಾಗ, ವಿಷ ಸೇರಿದಾಗ ಅದರೊಳಗಿನ ಪ್ರೋಟೀನುಗಳು ತಮ್ಮ ಮಡಿಕೆ ಕಳೆದುಕೊಳ್ಳತೊಡಗುತ್ತವೆ. ಮಡಿಕೆ ಬಿಚ್ಚಿದ ಪ್ರೋಟೀನು ಕೆಲಸಕ್ಕೆ ಬಾರದು. ಅಷ್ಟೇ ಅಲ್ಲ, ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತದೆ, ಕಾದ ಹಂಚಿನ ಮೇಲೆ ಮೊಟ್ಟೆಯ ಬಿಳಿ ಗಟ್ಟಿಯಾದಂತೆ. ಅಂಥ ಹೊತ್ತಿನಲ್ಲಿ ಕೋಶ ಇನ್ನೊಂದು ಬಗೆಯ ಪ್ರೋಟೀನುಗಳನ್ನು ಹೆಚ್ಚು ಹೆಚ್ಚಾಗಿ ತಯಾರಿಸುತ್ತದೆ. ಬಿಚ್ಚುತ್ತಿರುವುದನ್ನು ಹಿಡಿದು ನಿಲ್ಲಿಸುವುದು, ಸಾಧ್ಯವಾದರೆ ಮತ್ತೆ ಸರಿಯಾಗಿ ಮಡಿಸುವುದು ಅವುಗಳ ಕೆಲಸ. ಕಿಡ್ನಿ ಸೋಲುತ್ತಿರುವ ಮಗುವಿನ ರಕ್ತದಲ್ಲಿ ಕಸ ನಿಂತು ಮೈಯ ಎಲ್ಲ ಕೋಶಗಳಿಗೂ ಬಿಡುವಿಲ್ಲದ ಒತ್ತಡ. ಆಗ ಕೋಶದೊಳಗೆ ಇರಬೇಕಾದ ಈ ಪ್ರೋಟೀನುಗಳು ರಕ್ತದಲ್ಲೂ ಸಿಗುತ್ತವೆ. ಅಲ್ಲಿ ಅವು ಕಾಪಾಡಲು ಬಂದಿವೆಯೋ, ಕೋಶ ಒಡೆದು ಹೊರಗೆ ಬಿದ್ದಿವೆಯೋ, ಬಂದು ಇನ್ನಷ್ಟು ಉರಿ ಹಚ್ಚುತ್ತಿವೆಯೋ ಎಂಬುದು ನಾನು ಓದುವಾಗ ಸ್ಪಷ್ಟವಿರಲಿಲ್ಲ. ನನ್ನ ವರದಿ ಕೂಡ, ಇನ್ನೂ ಅಧ್ಯಯನ ಆಗಬೇಕು ಎಂದು ಮುಗಿಯಿತು.

ಆ ಮಕ್ಕಳಲ್ಲಿ ಒಬ್ಬರನ್ನೂ ನಾನು ನೋಡಲಿಲ್ಲ. ಐಸ್ ತುಂಬಿದ ಡಬ್ಬಿಯಲ್ಲಿ ರಕ್ತ ಬರುತ್ತಿತ್ತು, ದೊಡ್ಡವರದ್ದಕ್ಕಿಂತ ಸಣ್ಣ ಟ್ಯೂಬುಗಳಲ್ಲಿ. ಯಾರ ರಕ್ತ, ಅವರ ಅಮ್ಮ ಏನು ಅಡುಗೆ ಮಾಡುತ್ತಾಳೆ, ಕಾಲು ಒತ್ತಿದರೆ ನಗುತ್ತಾರೋ ಅಳುತ್ತಾರೋ ಎಂದು ಯೋಚಿಸಿದ ನೆನಪಿಲ್ಲ. ಯೋಚಿಸಿರಲೂಬಹುದು.

ಈಗ ನಾನು ಸೊರಬದ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ತಂಗಿಯ ಮನೆ ಶಿಕಾರಿಪುರದಲ್ಲಿ. ಅವಳ ಗಂಡ ಈಸೂರಿನ ಕಡೆ ಮೇಷ್ಟ್ರು. ನಮ್ಮ ಸೋದರತ್ತೆಯ ಮಗನೇ. ಅವ್ವ ಅವರ ಜೊತೆ ಇದ್ದಾಳೆ, ಅಡುಗೆಮನೆ ಅವಳದೇ. ಮಗಳು ಹುಟ್ಟಿದಾಗಿನಿಂದ ಅವ್ವನ ಕೈತುತ್ತಿನಲ್ಲೇ ಬೆಳೆದದ್ದು. ಬೆಳೆದದ್ದು ಎಂದು ಬರೆಯುವಾಗ ಕೈ ತಡೆಯುತ್ತದೆ. ಜೂನ್ ತಿಂಗಳಲ್ಲಿ ಶಾಲೆ ಶುರುವಾದಾಗ ಅವ್ವ ಹಿಂದಿನ ವರ್ಷದ ಯೂನಿಫಾರಂ ತೊಡಿಸಿ, ನನ್ನ ಮುಂದೆ ಹುಡುಗಿಯನ್ನು ಒಂದು ಸುತ್ತು ತಿರುಗಿಸಿ ತೋರಿಸಿದ್ದಳು.

"ನೋಡು, ಹೊಲ್ದಂಗೇ ಐತೆ. ನಿನ್ ತಂಗಿ ವರ್ಷಕ್ಕೆರಡು ಲಂಗ ಹರಿದು ಹಾಕ್ತಿದ್ಲು. ಇದು ಬಟ್ಟೆ ಹಾಳ್ಮಾಡಲ್ಲ."

"ಅಜ್ಜಿ, ನಾನು ಮುಂದಿನ್ ವರ್ಷನೂ ಇದೇ ಹಾಕ್ಕಂತೀನಿ" ಎಂದಳು ಹುಡುಗಿ, ಹೊಗಳಿಸಿಕೊಂಡ ಖುಷಿಗೆ.

ನಾವೆಲ್ಲ ನಕ್ಕೆವು. ಒಂದು ವರ್ಷ ಮಗು ಬೆಳೆದಿಲ್ಲ ಎಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ. ದೀಪಾವಳಿಯ ಹೊತ್ತಿಗೆ ಬೆಳಗ್ಗೆ ಏಳುವಾಗ ಅವಳ ಮುಖ ದಪ್ಪಗಿರತೊಡಗಿತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋದಾಗ ಎರಡು ಕಿಡ್ನಿಗಳೂ ಕುಗ್ಗಿದ್ದವು. ಯಾವುದರಿಂದ ಶುರುವಾಯಿತೆಂದು ಈ ಹಂತದಲ್ಲಿ ಹೇಳುವುದು ಕಷ್ಟ ಎಂದರು. ಔಷಧಿ, ಪಥ್ಯದಿಂದ ಸ್ವಲ್ಪ ಕಾಲ ಎಳೆಯಬಹುದು, ಆಮೇಲೆ ಡಯಾಲಿಸಿಸ್. ಅಷ್ಟರೊಳಗೆ ಮನೆಯವರ ಕಿಡ್ನಿ ಹೊಂದಿದರೆ ಡಯಾಲಿಸಿಸ್ ಇಲ್ಲದೆಯೇ ಕಸಿ ಮಾಡಬಹುದು.

ತಂಗಿಯ ಗಂಡನಿಗೆ ಸಕ್ಕರೆ ಕಾಯಿಲೆ. ಅವ್ವನಿಗೆ ಬಿ.ಪಿ. ನನ್ನ ರಕ್ತದ ಗುಂಪು ಸೇರಲಿಲ್ಲ. ತಂಗಿಯದು ಸೇರಿತು. ಆ ದಿನ ಅವಳು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ತಾನಾಗಿ ಕೇಳಿ ಮಸಾಲೆ ದೋಸೆ ತಿಂದಳು. ಎಷ್ಟೋ ತಿಂಗಳ ಮೇಲೆ ಅವಳು ಹಸಿವಾಗುತ್ತದೆ ಎಂದದ್ದು ನಾನು ಕೇಳಿದೆ.

ಅದಾದ ಮೇಲಿನ ಭೇಟಿಯಲ್ಲಿ ವೈದ್ಯೆ ಮನೆತನದ ವಿಚಾರ ಕೇಳಿದರು. ನಾನೂ ಅಲ್ಲೇ ಕೂತಿದ್ದೆ.

"ಸಂಬಂಧದಲ್ಲಿ ಮದುವೆ ಆಗಿದೀರಾ?"

"ಹೌದ್ರೀ. ಸೋದರತ್ತೆ ಮಗ" ಎಂದಳು ತಂಗಿ.

"ನಿಮ್ಮ ತಂದೆ ತಾಯಿ?"

"ಅವರೂ ಸಂಬಂಧನೇ ರೀ. ನಮ್ ಕಡೆ ಹೊರಗೆ ಕೊಡದು ಕಡಿಮೆ."

"ಮನೇಲಿ ಯಾರಾದರೂ ಚಿಕ್ಕ ವಯಸ್ಸಿಗೆ ಮೈಕೈ ಊದಿ ತೀರ್ಕೊಂಡಿದಾರಾ? ಕಿಡ್ನಿ ಅಂತ ಗೊತ್ತಾಗದೇನೂ ಇರಬಹುದು."

"ಇಲ್ಲ ರೀ. ಒಬ್ಬ ಅಣ್ಣ ಇದ್ದ. ಜ್ವರ ಬಂದು ಹೋದ."

"ಬರೀ ಜ್ವರನಾ?"

"ಜ್ವರನೇ."

ವೈದ್ಯೆ ಯಾಕೆ ಕೇಳಿದರೆಂದು ತಾವಾಗಿಯೇ ವಿವರಿಸಿದರು. ಇದು ಮನೆತನದಲ್ಲಿ ಬರುವ ಕಾಯಿಲೆಯಾಗಿದ್ದರೆ, ಈಗ ಆರೋಗ್ಯವಾಗಿ ಕಾಣುವ ತಾಯಿಯೂ ಅದರ ಒಂದು ಪಾಲು ಹೊತ್ತಿರಬಹುದು. ಅಂಥವರಲ್ಲಿ ಕೆಲವರಿಗೆ ಮುಂದೆ ಕಿಡ್ನಿ ತೊಂದರೆ ಬರುತ್ತದೆ. ಇರುವ ಎರಡರಲ್ಲಿ ಒಂದನ್ನು ತೆಗೆದ ಮೇಲೆ ಬಂದರೆ ಕಷ್ಟ. ಹಾಗೇನಾದರೂ ಅನುಮಾನವಿದ್ದರೆ ಜೀನ್ ಪರೀಕ್ಷೆ ಮುಗಿಯುವವರೆಗೆ ಕಸಿಯನ್ನು ಮುಂದೂಡಬೇಕಾಗುತ್ತದೆ. ಮಗುವಿಗೆ ಅಷ್ಟು ಸಮಯ ಇರಲಿಕ್ಕಿಲ್ಲ, ಡಯಾಲಿಸಿಸ್ ಶುರು ಮಾಡಬೇಕಾದೀತು.

ತಂಗಿ ತಲೆಯಾಡಿಸುತ್ತಾ ಕೇಳಿದಳು. ನನ್ನ ಹೆಬ್ಬೆರಳು ಏನನ್ನೋ ಒತ್ತುವಂತೆ ನನ್ನದೇ ಮೊಣಕಾಲ ಮೇಲಿತ್ತು. ಹೇಳಬೇಕೆಂದರೆ ಏನು ಹೇಳಲಿ? ಶಾಲೆಗೆ ಸೇರುವ ಮುಂಚಿನ, ಬಣ್ಣ ಗೊತ್ತಿಲ್ಲದ ಬಾಗಿಲಿನ ಮುಂದಿನ ಒಂದು ಬೆಳಗ್ಗೆ ಎಂದೇ?

ಪಥ್ಯದ ಬಗ್ಗೆ ಆಸ್ಪತ್ರೆಯವರು ಬಿಡಿಸಿ ಹೇಳಿದ್ದರು. ಬಾಳೆಹಣ್ಣು ಬೇಡ, ಟೊಮೆಟೊ ಬೇಡ, ಎಳನೀರು ಹತ್ತಿರಕ್ಕೂ ತರಬಾರದು. ಸೊಪ್ಪು, ತರಕಾರಿ ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿ, ಉಳಿದದ್ದನ್ನು ಮಾತ್ರ ಸ್ವಲ್ಪ ಕೊಡಬೇಕು. ಅವ್ವ ಎಲ್ಲವನ್ನೂ ತಲೆಯಲ್ಲಿ ಇಟ್ಟುಕೊಂಡಳು. ಹಿತ್ತಲಿನ ಬಾಳೆಗೊನೆಯನ್ನು ಪಕ್ಕದ ಮನೆಗೆ ಕೊಟ್ಟಳು. ಆದರೂ ಪ್ರತಿ ಸಲದ ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ಏರುತ್ತಿತ್ತು. ಆಸ್ಪತ್ರೆಯಲ್ಲಿ ತಂಗಿಯನ್ನು ಗದರಿದರು. ತಂಗಿ ಮನೆಗೆ ಬಂದು ಮಗಳನ್ನು ಗದರಿದಳು: ಶಾಲೆಯಲ್ಲಿ ಯಾರ ಡಬ್ಬಿಯಲ್ಲಿ ಕೈ ಹಾಕಿದೆ? ಹುಡುಗಿ ಯಾರದ್ದೂ ಇಲ್ಲ ಎಂದು ಅತ್ತಳು.

ಒಂದು ಭಾನುವಾರ ನಾನು ಹೋದಾಗ ಅವ್ವ ಅಡುಗೆ ಮಾಡುತ್ತಿದ್ದಳು. ಬೇಳೆ, ದಂಟಿನ ಸೊಪ್ಪು, ಆಲೂಗಡ್ಡೆ ಬೆಂದಿದ್ದವು. ಅವ್ವ ಪಾತ್ರೆಯ ಬಾಯಿಗೆ ತಟ್ಟೆ ಹಿಡಿದು ನೀರನ್ನೆಲ್ಲ ಬಸಿದಳು. ಬಸಿದದ್ದನ್ನು ಬಚ್ಚಲಿಗೆ ಒಯ್ಯದೆ ಒಲೆಯ ಪಕ್ಕ ಮುಚ್ಚಿಟ್ಟಳು. ನಮ್ಮ ಕಡೆ ಹಾಗೆ ಬಸಿದ ನೀರಿಗೆ ಕಟ್ಟು ಎನ್ನುತ್ತೇವೆ. ಅದಕ್ಕೆ ಖಾರ, ಹುಳಿ ಹಾಕಿ ಕುದಿಸಿದರೆ ಕಟ್ಟಿನ ಸಾರು. ನಾನು ಹುಟ್ಟಿದಾಗಿನಿಂದ ತಿಂದ ಸಾರು ಅದು.

"ಅವ್ವ, ಆ ನೀರು ಚೆಲ್ಲಬೇಕಲ್ಲ?"

"ಪಲ್ಯಕ್ಕೆ ಒಂದ್ ಹನಿ ಬಿಟ್ಟಿಲ್ಲ ಕಣೇ. ಹಿಂಡಿ ತೆಗೆದೀನಿ, ನೋಡು ಬೇಕಾರೆ."

"ಮತ್ತೆ ಇದು?"

"ಇದು ಸಾರಿಗೆ. ಕಟ್ಟು ಯಾರಾರ ಚೆಲ್ತಾರೇನು? ಸತ್ವ ಎಲ್ಲ ಇದರಾಗೇ ಇಳಿದಿರ್ತತೆ. ನಾಕಕ್ಷರ ಓದ್ದೋರು ನೀವು, ನಿಮಗೆ ಗೊತ್ತಿರ್ಬೇಕು."

"ಈ ಸಾರು ಅವಳಿಗೂ ಹಾಕ್ತೀಯಾ?"

"ಒಂದ್ ಸೌಟು. ಬರೀ ಅನ್ನ ಗಂಟಲಾಗೆ ಇಳಿಯಲ್ಲ ಅಂತತೆ. ಸಾರು ಹಾಕಿದ್ರೆ ಬಟ್ಟಲು ಬಳಿದು ತಿಂತತೆ. ಸೊರಗಿ ಕಡ್ಡಿ ಆಗೇತಿ, ಸತ್ವ ಬ್ಯಾಡೇನು ಅದಕ್ಕೆ?"

ನಾನು ಅಲ್ಲೇ ನೆಲದ ಮೇಲೆ ಕೂತೆ. ಅವ್ವ ಹೇಳಿದ್ದು ಸರಿಯಾಗಿಯೇ ಇತ್ತು. ಸತ್ವವೆಲ್ಲ ನೀರಿಗೆ ಇಳಿಯುತ್ತದೆ. ಅದಕ್ಕಾಗಿಯೇ ಅದನ್ನು ಚೆಲ್ಲಲು ಹೇಳಿದ್ದು. ಸೊಪ್ಪು, ಆಲೂಗಡ್ಡೆಯಲ್ಲಿ ಉಪ್ಪಿನಂಥದ್ದೊಂದು ಇರುತ್ತದೆ, ನಮ್ಮ ಕಿಡ್ನಿ ಹೆಚ್ಚಾದದ್ದನ್ನು ಹೊರಗೆ ಹಾಕುತ್ತದೆ, ಅವಳದು ಹಾಕುವುದಿಲ್ಲ, ಅದು ರಕ್ತದಲ್ಲಿ ನಿಂತು ಒಂದು ದಿನ ಎದೆಬಡಿತವನ್ನೇ ನಿಲ್ಲಿಸಬಹುದು ಎಂದು ವಿವರಿಸಿದೆ. ಎಂದಿನಂತೆ ಪಾಠ ಹೇಳುವ ದನಿ ಬಂತು. ತರಗತಿಯಲ್ಲಿ ಅದೇ ದನಿಯಲ್ಲಿ ಹೇಳಿದರೆ ಮಕ್ಕಳು ಆಕಳಿಸುತ್ತಾರೆ.

ಅವ್ವ ಆಕಳಿಸಲಿಲ್ಲ. ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ಸಾರಿನಿಂದ?"

"ಸಾರಿನಿಂದ."

"ಇಷ್ಟ್ ದಿನ ನಾನೇ ಹಾಕೀನಿ."

"ಗೊತ್ತಿರಲಿಲ್ಲ ಬಿಡು. ಇನ್ಮೇಲೆ ಬೇಡ."

ಅವಳು ಸ್ವಲ್ಪ ಹೊತ್ತು ಮುಚ್ಚಿಟ್ಟ ಪಾತ್ರೆಯನ್ನೇ ನೋಡಿದಳು. ಆಮೇಲೆ ಕೇಳಿದಳು, "ಆಗ್ಲೂ ಹಿಂಗೇನಾ?"

"ಆಗ ಅಂದ್ರೆ ಯಾವಾಗ?"

"ಏನಿಲ್ಲ" ಎಂದು ಎದ್ದು, ಮಗುವಿಗೆ ಬಡಿಸಲು ಅನ್ನದ ಪಾತ್ರೆ ತೆಗೆದಳು.

ಈ ಮಾತಿನ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ. ಅಂದೇ ಸೊರಬಕ್ಕೆ ಹಿಂತಿರುಗುವ ಬಸ್ಸಿನಲ್ಲಿ ಫೋನಿನಲ್ಲಿ ಬರೆದಿಟ್ಟುಕೊಂಡೆ, ಅವಳು ಹೇಳಿದ ಹಾಗೆಯೇ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಬೇಕಿತ್ತು. ಈರುಳ್ಳಿ ಮೂಟೆ, ಕೋಳಿ ಬುಟ್ಟಿಗಳ ನಡುವೆ ನಿಂತು ಆ ಎರಡು ಮಾತುಗಳನ್ನು ಮತ್ತೆ ಮತ್ತೆ ಓದಿದೆ. ಸೊರಬದ ಬಸ್ಸು ಬಂದು, ತುಂಬಿ, ನನ್ನ ಕಣ್ಣೆದುರೇ ಹೊರಟುಹೋಯಿತು.

ಆಗ ಎಂದರೆ ಯಾವಾಗ? ನಮ್ಮ ಮನೆಯಲ್ಲಿ ಇನ್ನೊಂದು ಮಗು ಸೊರಗಿದ್ದು, ಅವ್ವ ಅದಕ್ಕೆ ಸತ್ವವೆಂದು ಕಟ್ಟು ಕುಡಿಸಿದ್ದು ಒಂದೇ ಸಲ ಇರಬೇಕು. ಅದು ಬರೀ ಜ್ವರದ ಮಗುವಾಗಿದ್ದರೆ ಅವ್ವ ಯಾಕೆ ಹಾಗೆ ಕೇಳುತ್ತಿದ್ದಳು? ಆದರೆ ನಾನೇ ಎದುರು ಕೂತು ಎದೆಬಡಿತ ನಿಲ್ಲುತ್ತದೆ ಎಂದು ಹೆದರಿಸಿದ್ದೆನಲ್ಲ. ಮಗನನ್ನು ಕಳೆದುಕೊಂಡವಳು ಯಾವುದನ್ನು ಕೇಳಿದರೂ ಇದರಿಂದಲೇ ಇರಬಹುದೆ ಎಂದು ಬೆಚ್ಚುವುದಿಲ್ಲವೆ? ಎರಡೂ ಸಾಧ್ಯ. ಒಂದನ್ನು ನಂಬಿದರೆ ತಂಗಿಯನ್ನು ತಡೆಯಬೇಕು, ಇನ್ನೊಂದನ್ನು ನಂಬಿದರೆ ಸುಮ್ಮನಿರಬೇಕು.

ಆ ವಾರ ಸೊರಬದಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕಾಲೇಜಿನಿಂದ ಬಂದು ಚಪ್ಪಲಿ ಬಿಟ್ಟು ಮತ್ತೆ ಹಾಕಿಕೊಳ್ಳುತ್ತಿದ್ದೆ. ಕರಾವಳಿ ಕಡೆಯವರಾದ ಮನೆ ಮಾಲಕಿ ತಮ್ಮ ಜಗಲಿಯಿಂದ ನೋಡುತ್ತಿದ್ದರು.

"ಎಂತದ್ರೀ ಇದು, ಹೊರಗೆ ಹೋಪುದಾ ಒಳಗೆ ಇಪ್ಪುದಾ ಅಂತ ಒಂದು ತೀರ್ಮಾನ ಮಾಡಿ ಮಾರಾಯ್ರೆ. ನಮಗೆ ಕುತ್ತಿಗೆ ನೋವು ಬಂತು ನೋಡಿ ನೋಡಿ."

"ತಂಗಿ ಮಗಳದೇ ಯೋಚನೆ ರೀ."

"ಕಿಡ್ನಿ ಅಲ್ದಾ? ದಿನಾ ಒಂದು ಎಳನೀರು ಕೊಡಿ. ಅದಕ್ಕಿಂತ ಔಷಧಿ ಇಲ್ಲ. ಒಂದು ಗೊನೆ ಇಳಿಸಿ ಕಳಿಸ್ಲಾ?"

ಬೇಡವೆನ್ನಲು ಮತ್ತೆ ಪೊಟ್ಯಾಸಿಯಂ ಪಾಠ ಹೇಳಬೇಕಿತ್ತು. ಹೇಳಿದೆ. ಅವರು ಕೇಳಿ, "ಓದಿದವ್ರ ಜೊತೆ ಮಾತೇ ಕಷ್ಟ" ಎಂದು ಒಳಗೆ ಹೋದರು.

ನಾನು ನೆನಪನ್ನು ಪರೀಕ್ಷೆ ಮಾಡಲು ನೋಡಿದೆ. ಪ್ರಯೋಗಾಲಯದಲ್ಲಾದರೆ ಒಂದೇ ರಕ್ತವನ್ನು ಮೂರು ಸಲ ನೋಡುತ್ತಿದ್ದೆವು. ಮೂರೂ ಹತ್ತಿರ ಬಂದರೆ ನಂಬುವುದು. ಮೆಟ್ಟಿಲನ್ನು ಎಷ್ಟು ಸಲ ನೆನೆದರೂ ಗುಳಿ ಅಷ್ಟೇ ಸ್ಪಷ್ಟವಾಗಿ ಬರುತ್ತದೆ. ಆದರೆ ಇದು ಲೆಕ್ಕಕ್ಕಿಲ್ಲ. ನೆನಪನ್ನು ಪ್ರತಿ ಸಲ ತೆಗೆದಾಗಲೂ ನಾವೇ ಅದನ್ನು ಮತ್ತೆ ಮಡಿಸಿ ಇಡುತ್ತೇವೆ, ಹಿಂದಿನ ಗೆರೆಯ ಮೇಲೆಯೇ ಮಡಿಸಿದೆವೋ ಇಲ್ಲವೋ ನೋಡಲು ಬೇರೆ ಯಾರೂ ಇರುವುದಿಲ್ಲ. ಅವ್ವ ನನ್ನ ಕೈಗೆ ಹೊಡೆದದ್ದು ಇದೆಯಲ್ಲ, ಅದನ್ನು ಹಿಡಿದುಕೊಂಡೆ. ತಂಗಿಯ ಮಗಳ ಕಾಲು ಒತ್ತಿದಾಗ ಯಾರೂ ನನಗೆ ಹೊಡೆದಿರಲಿಲ್ಲ. ಅದು ಎಲ್ಲಿಂದ ಬಂತು? ಬೇರೆ ಯಾವುದೋ ತುಂಟತನಕ್ಕೆ ಬಿದ್ದ ಏಟೂ ಇರಬಹುದು.

ನಿನ್ನೆ ಶಿಕಾರಿಪುರಕ್ಕೆ ಬಂದೆ. ನಾಳೆ ತಂಗಿಯ ಕೊನೆಯ ಸುತ್ತಿನ ಪರೀಕ್ಷೆಗಳಿವೆ. ಅವು ಸರಿ ಹೋದರೆ ಕಸಿಯ ದಿನ ಗೊತ್ತು ಮಾಡುತ್ತಾರೆ. ನಿನ್ನೆ ಮಧ್ಯಾಹ್ನ ತಂಗಿ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ನಾನು ಹೋಗಿ ಎಲ್ಲವನ್ನೂ ಹೇಳಿದೆ. ಮೆಟ್ಟಿಲು, ಗುಳಿ, ಅವ್ವನ ಮಾತು. ಅವಳು ಮಗಳ ಯೂನಿಫಾರಮ್ಮನ್ನು ಕೊಡವಿ ಕೊಡವಿ ಹಾಕುತ್ತಾ ಕೇಳಿದಳು.

"ಆಗ ನಿನಗೆಷ್ಟು ವರ್ಷ ಅಕ್ಕ?"

"ಶಾಲೆಗೆ ಹೋಗ್ತಿರಲಿಲ್ಲ."

"ಬಾಗ್ಲು ಯಾವ ಬಣ್ಣ ಅಂತ ಗೊತ್ತಿಲ್ಲ ನಿನಗೆ. ಕಾಲು ಊದಿದ್ದು ಗೊತ್ತೈತಾ?"

"ಗೊತ್ತಿಲ್ಲ. ಅದನ್ನೇ ಹೇಳ್ತಿದೀನಿ."

"ಗೊತ್ತಿಲ್ಲದ್ದನ್ನ ಡಾಕ್ಟ್ರ ಹತ್ರ ಹೇಳ್ತೀಯಾ? ಅವರು ತಡೆದ್ರೆ ಮಗಿಗೆ ನಾಳಿದ್ದಿಂದ ಡಯಾಲಿಸಿಸ್ ಪೈಪು ಹಾಕ್ತಾರೆ. ಶಾಲಿ ಬಿಡಿಸ್ಬೇಕು. ಅದರ ಮುಖ ನೋಡಿ ಹೇಳು ಈ ಮಾತು."

"ನಿನ್ನ ಮುಖ ನೋಡಿ ಹೇಳ್ತಿದೀನಿ. ಹತ್ತು ವರ್ಷದ ಮೇಲೆ ನಿನಗೇ ಆದರೆ?"

"ಆದ್ರೆ ಆಗ್ಲಿ. ಹತ್ತ್ ವರ್ಷಕ್ಕೆ ಅದು ಕಾಲೇಜಿಗೆ ಹೋಗ್ತಿರ್ತತೆ." ಕ್ಲಿಪ್ಪು ಹಾಕಿ ನನ್ನ ಕಡೆ ತಿರುಗಿದಳು. "ನೀನು ನನ್ ಅಕ್ಕ ಆಗಿ ಕೇಳ್ತೀಯ. ನಾನು ಅದರ ಅವ್ವ ಆಗಿ ಕೇಳಿಸ್ಕಂತೀನಿ. ಇಬ್ಬರಿಗೂ ಹೊಂದಲ್ಲ ಬಿಡು."

ಕೆಳಗೆ ಹುಡುಗಿ ಮಗ್ಗಿ ಹೇಳುತ್ತಿದ್ದಳು, ಅವ್ವ ತಪ್ಪು ಹಿಡಿಯುತ್ತಿದ್ದಳು. ಕೊನೆಗೆ ನಾವು ಒಂದು ಒಪ್ಪಂದಕ್ಕೆ ಬಂದೆವು. ನಾನು ಅವ್ವನನ್ನು ಕೇಳುವುದು. ಅವ್ವ ಬರೀ ಜ್ವರವೇ ಎಂದರೆ ನಾನು ಮೆಟ್ಟಿಲ ಮಾತನ್ನು ಇನ್ನೆಂದೂ ಎತ್ತುವುದಿಲ್ಲ. ಊದಿತ್ತು ಎಂದರೆ ತಂಗಿಯೇ ವೈದ್ಯೆಗೆ ಹೇಳುತ್ತಾಳೆ, ಏನೇ ಆಗಲಿ.

"ಅವ್ವ ಸುಳ್ಳು ಹೇಳಿದ್ರೆ?" ಎಂದಳು ತಂಗಿ, ಇಳಿಯುವಾಗ.

"ಯಾವುದು ಸುಳ್ಳು ಅಂತ ನಮಗೆ ಹೆಂಗೆ ಗೊತ್ತಾಗತ್ತೆ?"

ಅವಳು ನಕ್ಕಳು. ನಗುವಾಗ ಅವಳು ಅಣ್ಣನ ಫೋಟೊದ ಹಾಗೆ ಕಾಣುತ್ತಾಳೆ, ಅಥವಾ ನನಗೆ ಹಾಗೆ ಅನ್ನಿಸುತ್ತದೆ.

ಇವತ್ತು ಬೆಳಗ್ಗೆ ಅವ್ವ ಹೀರೇಕಾಯಿ ಬೇಯಿಸಿದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ತಂಗಿ ಪಡಸಾಲೆಯಲ್ಲಿ ಮಗಳಿಗೆ ಜಡೆ ಹಾಕುತ್ತಿದ್ದಳು, ಬಾಚಣಿಗೆ ನಿಂತಿದ್ದು ನನಗೆ ಕೇಳಿಸಿತು. ಅವ್ವ ಬಸಿದ ಕಟ್ಟಿನ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದುಕೊಂಡು ಹಿತ್ತಲಿಗೆ ಹೋದಳು. ನಾನೂ ಹಿಂದೆ ಹೋದೆ. ಕರಿಬೇವಿನ ಗಿಡದ ಬುಡಕ್ಕೆ ಅದನ್ನು ಒಂದೇ ಸಲ ಸುರಿಯಲಿಲ್ಲ, ಸ್ವಲ್ಪ ಸ್ವಲ್ಪವಾಗಿ ಬಗ್ಗಿಸಿದಳು. ಬಿಸಿ ನೀರು ಗಿಡಕ್ಕೆ ಆಗದು ಎಂದೋ, ಚೆಲ್ಲಲು ಮನಸ್ಸು ಬರಲಿಲ್ಲವೋ.

ಅಲ್ಲಿಯೇ ಕೇಳಿದೆ. ಪಾಠದ ದನಿ ಬರದ ಹಾಗೆ ಕೇಳಬೇಕೆಂದು ರಾತ್ರಿಯಿಡೀ ಯೋಚಿಸಿದ್ದೆ. ಕೇಳುವಾಗ ಯಾವ ದನಿ ಬಂತೋ ಗೊತ್ತಿಲ್ಲ. ಯಾಕೆ ಕೇಳುತ್ತಿದ್ದೇನೆ, ಹೌದು ಎಂದರೆ ಏನಾಗುತ್ತದೆ, ಅಲ್ಲ ಎಂದರೆ ಏನಾಗುತ್ತದೆ, ಎಲ್ಲವನ್ನೂ ಹೇಳಿದೆ. ಯಾರದೂ ತಪ್ಪಲ್ಲ, ಆಗ ಯಾರಿಗೂ ಏನೂ ಗೊತ್ತಿರಲಿಲ್ಲ, ಸಾರಿನಿಂದ ಯಾರೂ ಹೋಗಲಿಲ್ಲ ಎಂದೂ ಹೇಳಿದೆ. ಕೊನೆಯದು ನನಗೂ ಗೊತ್ತಿಲ್ಲದ ಮಾತು.

ಅವ್ವ ಪಾತ್ರೆಯನ್ನು ಬೋರಲು ಮಾಡಿ ಕೊನೆಯ ಹನಿ ಬೀಳುವವರೆಗೆ ಹಿಡಿದಳು. ಒಳಗಿನಿಂದ ಹುಡುಗಿ "ಅಜ್ಜಿ, ಹಸಿವು" ಎಂದಳು. "ಬಂದೆ ತಡಿ" ಎಂದು ಅವ್ವ ನನ್ನ ಪಕ್ಕದಿಂದ ದಾಟಿ ಒಳಗೆ ಹೋದಳು. ಊಟಕ್ಕೆ ಕೂತಾಗ ಮಾತಾಡಿದಳು, ಉಪ್ಪಿಲ್ಲದ ಪಲ್ಯವನ್ನು ತಾನೂ ತಿಂದು ಮುಖ ಕಿವುಚಿ ಮೊಮ್ಮಗಳನ್ನು ನಗಿಸಿದಳು. ಸಂಜೆ ತನ್ನದೊಂದು ಸೀರೆ ಮಡಚಿ ತಂಗಿಯ ಬ್ಯಾಗಿನ ಮೇಲಿಟ್ಟಳು. ಅವ್ವ ಈವರೆಗೆ ಒಮ್ಮೆಯೂ ಆ ಆಸ್ಪತ್ರೆಗೆ ಬಂದವಳಲ್ಲ. ತಂಗಿ ನನ್ನ ಮುಖ ನೋಡಿದಳು. ಬ್ಯಾಗಿನ ಮೇಲಿನ ಸೀರೆಯನ್ನು ಉತ್ತರವೆಂದು ಓದಬಾರದೆಂದು ನನಗೆ ನಾನೇ ಹೇಳಿಕೊಂಡೆ. ನನಗೆ ಬೇಕಾದದ್ದನ್ನು ಓದುವ ಅಭ್ಯಾಸ ನನಗಿದೆ.

ಬೆಳಗಿನ ಬಸ್ಸಿಗೆ ನಾವೆಲ್ಲ ಹೊರಡುತ್ತೇವೆ. ಹಿತ್ತಲಲ್ಲಿ ಅಷ್ಟೆಲ್ಲ ವಿವರಿಸಿದ ಮೇಲೆ ನಾನು ಕೇಳಿದ್ದು ಇಷ್ಟೇ:

"ಅವ್ವ, ಅಣ್ಣನ ಕಾಲು ಒತ್ತಿದಾಗ ನೀನು ನನ್ನ ಕೈಗೆ ಹೊಡೆದಿದ್ದೆಯಾ?"